ಗಡಿಗಿ ಬೋರಲು ಹಾಕಿ ನೋಡ್ರಿ

ಕೊಲ್ಹಾರದ ಬಸ್ ಸ್ಟ್ಯಾಂಡಿನಲ್ಲಿ ಮೊಸರು ಕೊಳ್ಳುವುದಕ್ಕೊಂದು ರೀತಿ ಇದೆ. ಗಿರಾಕಿ ಮೊದಲು ಗಡಿಗೆಯ ಬಾಯಿಗೆ ಮುಚ್ಚಿದ್ದನ್ನು ಸರಿಸಿ ಕೆನೆಯ ಬಣ್ಣ ನೋಡುತ್ತಾನೆ. ಆಮೇಲೆ ಗಡಿಗೆಯನ್ನು ಅಂಗೈಯಲ್ಲಿ ಹಿಡಿದು ನಿಧಾನಕ್ಕೆ ವಾರೆ ಮಾಡುತ್ತಾನೆ. ಮೊಸರು ಅಲುಗಿದರೆ ಮಾತಿಲ್ಲದೆ ಕೆಳಗಿಟ್ಟು ಪಕ್ಕದ ಬುಟ್ಟಿಗೆ ಹೋಗುತ್ತಾನೆ. ಅಲುಗದಿದ್ದರೆ ಮಾತ್ರ ದರದ ಮಾತು. ಮಾರುವ ಅವ್ವನಿಗೆ ಇದರಿಂದ ಸಿಟ್ಟೇನೂ ಬರುವುದಿಲ್ಲ. ತನ್ನ ಎಮ್ಮೆಯ ಮೇಲೆ ಭರವಸೆ ಇದ್ದವಳು "ಬೋರಲು ಹಾಕಿ ನೋಡ್ರಿ ಬೇಕಾದ್ರ" ಎಂದು ತಾನೇ ಸವಾಲು ಹಾಕುತ್ತಾಳೆ. ಹಳೆಯ ಕೊಲ್ಹಾರ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿತು, ಊರು ಎತ್ತರಕ್ಕೆ ಎದ್ದು ಬಂತು, ಬಸವನ ಬಾಗೇವಾಡಿಯ ಕೈ ಬಿಟ್ಟು ತಾನೇ ತಾಲ್ಲೂಕೂ ಆಯಿತು. ಗಡಿಗೆ ವಾರೆ ಮಾಡುವ ರೂಢಿ ಮಾತ್ರ ಮುಳುಗಲಿಲ್ಲ.

ಈ ರೂಢಿಯ ಕಟ್ಟಾ ಪಾಲಕರೆಂದರೆ ನಮ್ಮ ಸುಭೇದಾರ ಕಾಕಾ. ಇಪ್ಪತ್ತೆಂಟು ವರ್ಷ ಪಾಯದಳದಲ್ಲಿದ್ದು ಬಂದವರು. ಈಗ ದಿನಾ ಬೆಳಿಗ್ಗೆ ಒಂದು ಗಡಿಗೆ ಮೊಸರು ಒಯ್ಯುವುದು, ಅದಕ್ಕೆ ಮೊದಲು ನಾಲ್ಕು ಗಡಿಗೆಯನ್ನು ತಿರಸ್ಕರಿಸುವುದು ಅವರ ಡ್ಯೂಟಿ. ಒಂದು ದಿನ ಅವರು ಮೂರನೆಯ ಗಡಿಗೆಯನ್ನು ಸೂರ್ಯನಿಗೆ ಹಿಡಿದು ನೋಡುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ.

"ಕಾಕಾ, ಪಲ್ಟನ್ನಿನ್ಯಾಗ ಬಂದೂಕನೂ ಹಿಂಗ ವಾರಿ ಮಾಡಿ ನೋಡಿ ತಗೊಂತಿದ್ರೇನ್ರಿ?"

ಕಾಕಾ ಗಡಿಗೆ ಕೆಳಗಿಟ್ಟರು. "ಲೇ ತಮ್ಮಾ, ಅದು ಬ್ಯಾರೇನ. ಕೋತ್ ಮುಂದ ಸಾಲು ನಿಂದ್ರಸ್ತಾರ. ಒಂದು ನಂಬರ ಕರೀತಾರ. ಆ ನಂಬರಿಂದು ಇನ್ನ ನಿಂದು. ಹೆಣ್ಣು ನೋಡಾಕ ಹೋದ್ರ ಒಂದು ಸಲನಾದ್ರೂ ಮುಖಾ ತೋರಸ್ತಾರ. ಇದಕ್ಕ ನೇರ ಅಕ್ಕಿಕಾಳ."

ಕೋತ್ ಎಂದರೆ ಪಲ್ಟನ್ನಿನ ಹತಾರಗಳನ್ನು ಬೀಗ ಹಾಕಿ ಇಡುವ ಕೋಣೆ. ಆ ಕೋಣೆಯ ಬಾಗಿಲಲ್ಲಿ ಇವತ್ತಿನ ತನಕ ಯಾವ ಸಿಪಾಯಿಯೂ ಬಂದೂಕು ವಾರೆ ಮಾಡಿ, ಮೂಗು ಮುರಿದು, ಪಕ್ಕದ ಬುಟ್ಟಿಗೆ ಹೋದದ್ದಿಲ್ಲ. ಮೊಸರು ಕೆಟ್ಟರೆ ಊಟ ಕೆಡುತ್ತದೆ, ಆದ್ದರಿಂದ ನೋಡಿ ಕೊಳ್ಳಬೇಕು. ಬಂದೂಕು ಕೆಟ್ಟರೆ ದೂರು ಕೊಡುವವನೇ ಉಳಿಯುವುದಿಲ್ಲ, ಆದ್ದರಿಂದ ನೋಡುವ ಅಗತ್ಯವಿಲ್ಲ. ಸರ್ಕಾರದ ತರ್ಕ ಸರಿಯಾಗಿಯೇ ಇದೆ.

ಕಾಕಾ ಭರ್ತಿಯಾದ ಕಾಲಕ್ಕೆ ಕೈಗೆ ಬಂದದ್ದು ಎಸ್‌ಎಲ್‌ಆರ್. ಅದು ಬಂದದ್ದರ ಹಿಂದೆ ಒಂದು ಸೋಲಿನ ಕತೆ ಇದೆ. 1962ರಲ್ಲಿ ಚೀನಾದವರು ಬೆಟ್ಟ ಇಳಿದು ಬಂದಾಗ ನಮ್ಮವರ ಕೈಯಲ್ಲಿದ್ದದ್ದು ಇಂಗ್ಲಿಷರು ಬಿಟ್ಟುಹೋದ .303. ಒಂದು ಗುಂಡು ಹೊಡೆಯುವುದು, ಬೋಲ್ಟ್ ಎಳೆಯುವುದು, ಮತ್ತೊಂದು ಹೊಡೆಯುವುದು. ಎದುರಿನವ ಬೋಲ್ಟ್ ಎಳೆಯುವ ಕೆಲಸವಿಲ್ಲದೆ ಬೆರಳು ಒತ್ತುತ್ತಲೇ ಇದ್ದ. ಆ ಪೆಟ್ಟು ತಿಂದ ಮೇಲೆ ದೆಹಲಿಗೆ ಒಂದು ವಿಷಯ ಹೊಳೆಯಿತು: ಬಂದೂಕು ಬದಲಿಸಬೇಕು. ಹಾಗೆ ಎಸ್‌ಎಲ್‌ಆರ್ ಬಂತು.  .303 ಮಾತ್ರ ಸೇವೆಯಿಂದ ನಿವೃತ್ತಿ ಆಗಲಿಲ್ಲ, ಪೊಲೀಸ್ ಇಲಾಖೆಗೆ ವರ್ಗಾವಣೆ ತಗೊಂಡಿತು. 2008ರ ನವೆಂಬರಿನಲ್ಲಿ ಮುಂಬೈ ರೈಲ್ವೆ ನಿಲ್ದಾಣಕ್ಕೆ ಎಕೆ ಹಿಡಿದವರು ನುಗ್ಗಿದಾಗ ಪೊಲೀಸರ ಕೈಯಲ್ಲಿದ್ದದ್ದೂ ಇದೇ. ಉತ್ತರ ಪ್ರದೇಶದ ಪೊಲೀಸರು ಇದಕ್ಕೆ ವಿಧ್ಯುಕ್ತವಾಗಿ ಕೊನೆಯ ಸಲಾಮು ಹೊಡೆದದ್ದು 2020ರ ಗಣರಾಜ್ಯೋತ್ಸವದ ದಿನ. ಸರ್ಕಾರಿ ನೌಕರಿಯಲ್ಲಿ ಇಷ್ಟು ಎಕ್ಸ್‌ಟೆನ್ಶನ್ ಪಡೆದ ಇನ್ನೊಬ್ಬರನ್ನು ನಾನು ಕಂಡಿಲ್ಲ.

"ಎಸ್‌ಎಲ್‌ಆರ್ ಭಾರ ಇತ್ತು, ಉದ್ದ ಇತ್ತು, ಹೆಗಲಿಗೆ ಒದೀತಿತ್ತು. ಹೋರಿ ಇದ್ದಂಗ," ಎನ್ನುತ್ತಾರೆ ಕಾಕಾ. "ಆದ್ರ ಹೋರಿ ಗಳೇಕ ಹೂಡಿದ್ರ ನಿಂದ್ರತಿದ್ದಿಲ್ಲ. ಹೊಡದ್ರ ಎದುರಿನವ ಬಿತ್ತಂದ್ರ ಬಿದ್ದ. ಆಮ್ಯಾಲೆ ಹೊಸಾದು ಬಂತು. ಹಗುರ, ಚಂದ, ಮ್ಯಾಗಜಿನ್ ಕಾಜಿನಂಗ ಹೊಳೀತಿತ್ತು, ಒಳಗಿನ ಗುಂಡು ಹೊರಗಿಂದನ ಕಾಣ್ತಿದ್ದು. ನಾವು ಹುಡುಗರು ಖುಷಿ ಆದ್ವಿ. ಗುಂಡು ಎಣಸಾಕ ಬರ್ತೈತಿ ಅಂತ."

ಆ ಹೊಸಾದೇ ಇನ್ಸಾಸ್. 1980ರ ದಶಕದಲ್ಲಿ ಪುಣೆಯ ಸಂಶೋಧನಾಲಯದಲ್ಲಿ ಗರ್ಭ ಧರಿಸಿ, ಇಛಾಪುರ, ತಿರುಚಿರಾಪಳ್ಳಿ, ಕಾನ್ಪುರದ ಸರ್ಕಾರಿ ಕಾರ್ಖಾನೆಗಳಲ್ಲಿ ಹುಟ್ಟಿದ 5.56 ಮಿ.ಮೀ. ರೈಫಲ್. ಹೆರಿಗೆ ಎಷ್ಟು ತಡವಾಯಿತೆಂದರೆ, ಕೂಸು ಬರುವವರೆಗೆ ಕಾಯಲಾಗದೆ 90ರ ದಶಕದ ಮೊದಲಿಗೆ ಹೊರದೇಶಗಳಿಂದ ಒಂದು ಲಕ್ಷ ಎಕೆ ಜಾತಿಯ ಬಂದೂಕು ತರಿಸಬೇಕಾಯಿತು. 1998ರ ಗಣರಾಜ್ಯೋತ್ಸವದ ಪರೇಡಿನಲ್ಲಿ ಇನ್ಸಾಸ್ ರಾಜಪಥದ ಮೇಲೆ ನಡೆದಾಗ ಎಲ್ಲರೂ ಚಪ್ಪಾಳೆ ಹೊಡೆದರು. ಪರೇಡಿನಲ್ಲಿ ಅದು ಒಮ್ಮೆಯೂ ಜಾಮ್ ಆಗಲಿಲ್ಲ. ಪರೇಡಿನಲ್ಲಿ ಗುಂಡು ಹಾಕುವುದಿಲ್ಲ.

ಮರುವರ್ಷವೇ ಕಾರ್ಗಿಲ್. ಹದಿನಾರು ಸಾವಿರ ಅಡಿ ಎತ್ತರದ ಚಳಿಯಲ್ಲಿ ಆ ಕಾಜಿನಂಥ ಪ್ಲಾಸ್ಟಿಕ್ ಮ್ಯಾಗಜಿನ್ನುಗಳು ಬಿರುಕು ಬಿಟ್ಟವು. ಕೆಲವು ಬಂದೂಕು ನಡುವೆಯೇ ನಿಂತವು. ಮೂರೇ ಗುಂಡು ಬಿಡಬೇಕಾದ ಕಡೆ ಕೆಲವು ತಮ್ಮಷ್ಟಕ್ಕೆ ಸರಣಿ ಬಿಟ್ಟವು. ಒಳಗಿನ ಎಣ್ಣೆ ಹಾರಿ ಗುರಿ ಹಿಡಿದವನ ಕಣ್ಣಿಗೇ ಬೀಳುತ್ತದೆಂಬ ದೂರೂ ಇತ್ತು. ಇವೆಲ್ಲ ಸಿಪಾಯಿಗಳ ಬಾಯಿಂದ ಬಂದು, ಪತ್ರಿಕೆಗೆ ಹೋಗಿ, ಅಲ್ಲಿಂದ ಲೋಕಸಭೆಗೆ ಮುಟ್ಟಿದವು. ಎಲ್ಲವೂ ಮುಟ್ಟಿದ ಮೇಲೆ ಸುಧಾರಣೆಯೂ ಆಯಿತು, ಆಗಲಿಲ್ಲ ಎಂದರೆ ಪಾಪ ಬಂದೀತು. ಮ್ಯಾಗಜಿನ್ ಗಟ್ಟಿಯಾಯಿತು, ಒಳಗಿನ ಭಾಗಗಳು ತಿದ್ದುಪಡಿ ಕಂಡವು.

ಕಾಕಾ ನ್ಯಾಯವಂತರು. "ಇನ್ಸಾಸ್ ಸುಳ್ಳ ಬೈಬಾರದು. ಫೈರಿಂಗ್ ರೇಂಜಿನ್ಯಾಗ ಬಿಸಿಲಾಗ ಮಕ್ಕೊಂಡು ಹೊಡದ್ರ ಎಸ್‌ಎಲ್‌ಆರಕಿಂತ ಚಲೋ ಗುಂಪು ಬೀಳ್ತಿತ್ತು. ಬಹುಮಾನಾ ತಗೊಂಡೀನಿ ಅದರ ಮ್ಯಾಲೆ."

"ಮತ್ತ ತಕರಾರೇನ್ರಿ?"

"ವೈರಿ ರೇಂಜಿಗೆ ಬರೂದಿಲ್ಲ."

ಇಲ್ಲಿ ಪಲ್ಟನ್ನಿನ ಒಂದು ಪಾಠವನ್ನು ಓದುಗರಿಗೆ ಪರಿಚಯಿಸಬೇಕು. ರಂಗರೂಟನಿಗೆ ಬಂದೂಕು ಕೊಟ್ಟ ಮೇಲೆ ಉಸ್ತಾದರು ಒಂದೊಂದೇ ಸಬಕು ಹೇಳಿಕೊಡುತ್ತಾರೆ: ಬಿಚ್ಚುವುದು, ಜೋಡಿಸುವುದು, ಪುಲ್ ಥ್ರೂ ದಾರಕ್ಕೆ ಚಿಂದಿ ಕಟ್ಟಿ ನಳಿಗೆ ಒರೆಸುವುದು. ಅದರಲ್ಲಿ ಒಂದು ಪಾಠದ ಹೆಸರು 'ರೋಕೇಂ ಔರ್ ಫೌರೀ ಇಲಾಜ್'. ಬಂದೂಕು ನಿಂತರೆ ತಕ್ಷಣ ಮಾಡಬೇಕಾದ ಔಷಧೋಪಚಾರ. ಕಾಕ್ ಮಾಡು, ಒಳಗೆ ನೋಡು, ಸಿಕ್ಕಿದ ಗುಂಡು ತೆಗೆ, ಮ್ಯಾಗಜಿನ್ ಬದಲಿಸು, ಮತ್ತೆ ಗುರಿ ಹಿಡಿ. ಕಣ್ಣಿಗೆ ಪಟ್ಟಿ ಕಟ್ಟಿದರೂ ಕೈ ತಾನೇ ಮಾಡಬೇಕು ಅನ್ನುವಷ್ಟು ಸಲ ಮಾಡಿಸುತ್ತಾರೆ. ಕಾಕಾ ಈಗಲೂ ಮೊಸರಿನ ಗಡಿಗೆ ಹಿಡಿದರೆ ಎಡಗೈ ಹೆಬ್ಬೆರಳು ಯಾವುದೋ ಇಲ್ಲದ ಮ್ಯಾಗಜಿನ್ ಕ್ಯಾಚ್ ಹುಡುಕುತ್ತದೆ, ನಾನು ನೋಡಿದ್ದೇನೆ. ಸಿಪಾಯಿಗಾದರೋ ರೋಗ ಬಂದ ಕೂಡಲೇ ಇಲಾಜು. ದೆಹಲಿಯ ಕಡತಕ್ಕೆ ರೋಕ್ ಬಂದರೆ ಮಾತ್ರ ಯಾವ ಉಸ್ತಾದನೂ ಫೌರೀ ಇಲಾಜ್ ಕಲಿಸಿಲ್ಲ.

ಆ ರೋಕಿನ ಉದ್ದ ಎಷ್ಟೆಂದು ನೋಡಿ. 5.56 ಗುಂಡು ಆರಿಸಿಕೊಂಡಾಗ ಹೇಳಿದ ಸಮರ್ಥನೆ ಬಹಳ ಮಾನವೀಯವಾಗಿತ್ತು: ಸಣ್ಣ ಗುಂಡು ವೈರಿಯನ್ನು ಕೊಲ್ಲದೆ ಗಾಯಗೊಳಿಸುತ್ತದೆ, ಗಾಯಗೊಂಡವನನ್ನು ಹೊರಲು ಇನ್ನಿಬ್ಬರು ಬೇಕು, ಒಂದು ಗುಂಡಿಗೆ ಮೂವರು ಕಡಿಮೆ. ಲೆಕ್ಕ ಕಾಗದದ ಮೇಲೆ ಬಹಳ ಸೊಗಸು. ಆದರೆ ಕಾಶ್ಮೀರಕ್ಕೆ ನುಸುಳಿ ಬಂದವನು ಗಾಯಗೊಂಡರೆ ಅವನ ಜೊತೆಗಾರ ಸ್ಟ್ರೆಚರ್ ತರಲು ಹೋಗುವುದಿಲ್ಲ. ಗಾಯಗೊಂಡವನೂ ಗುಂಡು ಹೊಡೆಯುತ್ತಲೇ ಇರುತ್ತಾನೆ. ಇದು ಸಿಪಾಯಿಗೆ ಮೊದಲ ವಾರವೇ ತಿಳಿದ ಸಂಗತಿ. ಅದು ಕಡತ ಹತ್ತಲು ಇಪ್ಪತ್ತು ವರ್ಷ ಹಿಡಿಯಿತು. ಆಮೇಲೆ ಸಮರ್ಥನೆಯನ್ನು ತಿರುವಿ ಹಾಕಿದರು: ಗಾಯ ಸಾಲದು, ಬೀಳಿಸಲೇಬೇಕು, ಮತ್ತೆ ದೊಡ್ಡ 7.62 ಗುಂಡೇ ಬೇಕು. ಅಂದರೆ ಎಸ್‌ಎಲ್‌ಆರಿನ ಗುಂಡು. ಸುತ್ತಿ ಸುತ್ತಿ ಸುಣ್ಣದ ಕೇರಿಗೆ ಬಂದ ಹಾಗೆ.

ಈ ನಡುವೆ 2011ರಲ್ಲಿ ಒಂದು ಟೆಂಡರು ಕರೆದಿದ್ದರು. ಅದರ ಷರತ್ತು ಓದಿದರೆ ಕೊಲ್ಹಾರದ ದನದ ದಲಾಲಿಗಳೂ ಕೈ ಮುಗಿದಾರು. ಒಂದೇ ಬಂದೂಕು ಇರಬೇಕು, ಅದಕ್ಕೆ ಎರಡು ನಳಿಗೆ ಇರಬೇಕು. ಒಂದು ಹಾಕಿದರೆ ಸಣ್ಣ ಗುಂಡು, ಬಿಚ್ಚಿ ಇನ್ನೊಂದು ಹಾಕಿದರೆ ಎಕೆ ಗುಂಡು. ಮುಂಜಾನೆ ಹಾಲು ಕೊಡಬೇಕು, ಮಧ್ಯಾಹ್ನ ಗಳೇ ಹೊಡೆಯಬೇಕು, ಅಂಥ ಎಮ್ಮೆ. ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳು ಇಂಥ ಎಮ್ಮೆಯನ್ನು ಹೊಡೆದುಕೊಂಡು ಬಂದವು. ಯಾವುದೂ ಮನಸ್ಸಿಗೆ ಬರಲಿಲ್ಲ. 2015ರಲ್ಲಿ ಟೆಂಡರು ರದ್ದಾಯಿತು. 2017ರಲ್ಲಿ ಇಛಾಪುರದ ಕಾರ್ಖಾನೆಯೇ ಹೊಸ 7.62 ರೈಫಲ್ ಮಾಡಿ ತಂದಿತು. ಸೈನ್ಯ ಪರೀಕ್ಷೆ ಮಾಡಿ ಬೇಡ ಎಂದಿತು.

ನಮ್ಮ ಮೊಸರನ್ನು ಇದೇ ಪದ್ಧತಿಯಲ್ಲಿ ಕೊಂಡರೆ ಏನಾದೀತು ಎಂದು ನಾನು ಆವತ್ತು ಬಸ್ ಕಾಯುತ್ತಾ ಯೋಚಿಸಿದೆ. ಮೊದಲು ಒಂದು ಸಮಿತಿ. ಅದರಲ್ಲಿ ಮೊಸರು ತಿಂದರೆ ನೆಗಡಿಯಾಗುವವರಿಗೆ ಆದ್ಯತೆ. ಸಮಿತಿ ಜಿಎಸ್‌ಕ್ಯೂಆರ್ ಎಂಬ ಗುಣಪಟ್ಟಿ ಬರೆಯುತ್ತದೆ: ಮೊಸರು ಗಡಿಗೆಯಲ್ಲಿದ್ದಾಗ ಕಲ್ಲಿನಂತಿರಬೇಕು, ಲೋಟಕ್ಕೆ ಬಂದಾಗ ಮಜ್ಜಿಗೆಯಂತೆ ಹರಿಯಬೇಕು, ಗಡಿಗೆ ಮಣ್ಣಿನದಾಗಿರಬೇಕು, ಕೆಳಗೆ ಬಿದ್ದರೆ ಒಡೆಯಬಾರದು. ಆಮೇಲೆ ಪರೀಕ್ಷೆ: ಬೇಸಿಗೆಯಲ್ಲಿ ಪೋಖ್ರಾನಿನ ಮರಳಿನಲ್ಲಿ ಒಂದು ತಿಂಗಳು, ಚಳಿಗಾಲದಲ್ಲಿ ಲೇಹದ ಹಿಮದಲ್ಲಿ ಒಂದು ತಿಂಗಳು. ಪಾಸಾದವರಲ್ಲಿ ಎಲ್ಲಕ್ಕಿಂತ ಅಗ್ಗದವನಿಗೆ ಎಲ್-1 ಎಂದು ಹೆಸರಿಟ್ಟು ಅವನೊಂದಿಗೆ ಇನ್ನಷ್ಟು ಇಳಿಸುವ ಚೌಕಾಶಿ. ಅಷ್ಟರಲ್ಲಿ ಮೊದಲು ಹಾಲು ಕೊಟ್ಟ ಎಮ್ಮೆ ಸತ್ತು ಅದರ ಮೊಮ್ಮಗಳು ಗಬ್ಬ ನಿಂತಿರುತ್ತದೆ. ಕೊನೆಗೆ ಹಸಿದ ಜನ ಗದ್ದಲ ಮಾಡಿದಾಗ 'ತುರ್ತು ಖರೀದಿ' ಎಂದು ಅಮೆರಿಕದಿಂದ ಪ್ಯಾಕೆಟ್ ಮೊಸರು.

ನಾನು ತಮಾಷೆಗೆ ಹೇಳುತ್ತಿದ್ದೇನೆ ಅಂದುಕೊಂಡಿರಾ? 2019ರ ಫೆಬ್ರುವರಿಯಲ್ಲಿ ಅಮೆರಿಕದ ಸಿಗ್ ಸಾವರ್ ಕಂಪನಿಯ 72,400 ರೈಫಲುಗಳಿಗೆ ತುರ್ತು ಮಾರ್ಗದಲ್ಲಿ ಕರಾರಾಯಿತು. 2024ರಲ್ಲಿ ಇನ್ನೂ 73,000. ಐದು ವರ್ಷ ಬಾಳುವ ತುರ್ತು! ಅದೇ 2019ರ ಮಾರ್ಚಿನಲ್ಲಿ ಅಮೇಠಿ ಹತ್ತಿರದ ಕೋರ್ವಾದಲ್ಲಿ ರಷ್ಯದ ಎಕೆ-203 ಮಾಡುವ ಕಾರ್ಖಾನೆಯ ಉದ್ಘಾಟನೆ. ಆರು ಲಕ್ಷಕ್ಕೂ ಮಿಕ್ಕಿದ ಬಂದೂಕುಗಳ ಆ ಕರಾರಿಗೆ ಸಹಿ ಬಿದ್ದದ್ದು 2021ರ ಡಿಸೆಂಬರಿನಲ್ಲಿ. ಮೊದಲು ನಾಮಕರಣದ ಪೇಡೆ ಹಂಚಿ, ಎರಡೂಮುಕ್ಕಾಲು ವರ್ಷದ ಮೇಲೆ ಅಕ್ಷತೆ ಹಾಕಿದಂತೆ. ನಮ್ಮ ಕಡೆ ಇಂಥ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ.

ಈಗ ನೇಪಾಳಕ್ಕೆ ಬರೋಣ, ಯಾಕೆಂದರೆ ಈ ಕತೆಯ ತಿರುಳು ಅಲ್ಲಿದೆ. ಆ ದೇಶದ ಸೈನ್ಯಕ್ಕೆ ನಾವು ನೂರಕ್ಕೆ ಎಪ್ಪತ್ತು ರಿಯಾಯಿತಿಯಲ್ಲಿ ಸಾವಿರಾರು ಇನ್ಸಾಸ್ ಕೊಟ್ಟಿದ್ದೆವು. 2005ರ ಆಗಸ್ಟಿನಲ್ಲಿ ಮಾವೋವಾದಿಗಳ ಜೊತೆ ಹತ್ತು ತಾಸಿನ ಕಾಳಗದಲ್ಲಿ ಅವರ 43 ಯೋಧರು ಸತ್ತರು. ಬಂದೂಕು ಕೈ ಕೊಟ್ಟಿತು, ಕಾದು ನಿಂತುಹೋಯಿತು ಎಂದು ನೇಪಾಳದ ಸೈನ್ಯ ಹೇಳಿತು. ನಮ್ಮ ರಾಯಭಾರ ಕಚೇರಿಯ ಉತ್ತರ: ಬಂದೂಕು ಸರಿಯಿದೆ, ಬಳಸಿದ ಕ್ರಮ ತಪ್ಪಿರಬಹುದು, ಬೇಕಾದರೆ ಸರಿಯಾಗಿ ಬಳಸುವ ತರಬೇತಿ ಕೊಡುತ್ತೇವೆ.

ಒಂಬತ್ತು ವರ್ಷ ಕಳೆದು ನಮ್ಮದೇ ಸಿಆರ್‌ಪಿಎಫ್ ನಕ್ಸಲ್ ಕಾಡಿನಲ್ಲಿ ಇನ್ಸಾಸ್ ಬೇಡ, ಎಕೆ ಕೊಡಿ ಎಂದಿತು. ಕೊಟ್ಟರೂ ಕೊಟ್ಟರು. ಆಗ ಮಾತ್ರ ಯಾರೂ ತರಬೇತಿಯ ಮಾತು ಎತ್ತಲಿಲ್ಲ.

"ಕ್ರಮ ತಪ್ಪು," ಎಂದು ಕಾಕಾ ಆ ಎರಡು ಶಬ್ದಗಳನ್ನು ಅಡಕೆಯಂತೆ ದವಡೆಯಲ್ಲಿಟ್ಟು ಅಗಿದರು. "ತಮ್ಮಾ, ಈ ಮಾತು ನಾ ಇಪ್ಪತ್ತೆಂಟು ವರ್ಷ ಕೇಳೀನಿ. ರೈಫಲ್ ನಿಂತ್ರ, ನೀ ತೇಲ್ ಕಮ್ಮಿ ಹಾಕಿದಿ. ಎಣ್ಣಿ ಕಣ್ಣಿಗೆ ಹಾರಿದ್ರ, ನೀ ತೇಲ್ ಜಾಸ್ತಿ ಹಾಕಿದಿ. ಮ್ಯಾಗಜಿನ್ ಸೀಳಿದ್ರ, ನೀ ಜೋರ ಹಾಕಿದಿ. ಸೀಳಲಿಲ್ಲಂದ್ರ, ನೋಡ್ರಿ ಎಷ್ಟ ಚಲೋ ಐತಿ. ರೈಫಲ್ ಎಂದೂ ತಪ್ಪು ಮಾಡಿಲ್ಲ. ಅದಕ್ಕೊಂದು ಪರಮವೀರ ಚಕ್ರ ಕೊಡಬೇಕು."

ಈ ಮಾತು ಕೇಳಿ ನಮ್ಮವರಷ್ಟೇ ಹೀಗೆ ಎಂದು ತಲೆ ತಗ್ಗಿಸಬೇಕಿಲ್ಲ. ಇದೊಂದು ವಿಶ್ವಮಾನ್ಯ ವಿದ್ಯೆ. ಮೊದಲ ಮಹಾಯುದ್ಧದಲ್ಲಿ ಕೆನಡಾದವರು ರಾಸ್ ಎಂಬ ತಮ್ಮ ಸ್ವದೇಶಿ ರೈಫಲ್ ಹಿಡಿದು ಫ್ರಾನ್ಸ್, ಬೆಲ್ಜಿಯಂಗೆ ಹೋದರು. ಗುರಿಗೆ ಬಹಳ ನಿಖರ. ಕೆಸರು ಕಂಡರೆ ಮಾತ್ರ ಬೋಲ್ಟ್ ಕಚ್ಚಿಕೊಂಡು ಕೂತುಬಿಡುತ್ತಿತ್ತು, ಬೂಟುಗಾಲಿನಿಂದ ಒದ್ದು ತೆಗೆಯಬೇಕಾಗುತ್ತಿತ್ತು. 1915ರಲ್ಲಿ ಈಪ್ರದ ಕಾಳಗದಲ್ಲಿ ಸಾವಿರಕ್ಕೂ ಹೆಚ್ಚು ಕೆನಡಾ ಸಿಪಾಯಿಗಳು ತಮ್ಮ ರಾಸ್ ಎಸೆದು, ಸತ್ತ ಇಂಗ್ಲಿಷರ .303 ಎತ್ತಿಕೊಂಡರು. ಸಿಪಾಯಿಯ ಅಭಿಪ್ರಾಯ ಇದಕ್ಕಿಂತ ಸ್ಪಷ್ಟವಾಗಿ ಎಲ್ಲೂ ದಾಖಲಾಗಿಲ್ಲ. ಆದರೂ ಅವರ ಮಂತ್ರಿ ಸ್ಯಾಮ್ ಹ್ಯೂಸ್ ಆ ಬಂದೂಕನ್ನು ಕೊನೆಯ ತನಕ ಮಗನಂತೆ ಸಮರ್ಥಿಸಿಕೊಂಡ. ಮಂತ್ರಿಯ ಕೋಣೆಯಲ್ಲಿ ಕೆಸರಿರಲಿಲ್ಲ. (ನಮ್ಮ .303 ಇಲ್ಲೂ ಬಂತು ನೋಡಿ. ಅದರ ಸರ್ವಿಸ್ ಬುಕ್ಕೇ ಬೇರೆ.)

ವಿಯೆಟ್ನಾಮಿನಲ್ಲಿ ಅಮೆರಿಕದವರು ಎಂ-16 ಎಂಬ ಹೊಸ ಬೆಡಗನ್ನು ಹುಡುಗರ ಕೈಗಿಟ್ಟರು. ಇದಕ್ಕೆ ಹೆಚ್ಚು ಒರೆಸುವ ಗೊಡವೆಯೇ ಇಲ್ಲ ಎಂಬ ಗಾಳಿಮಾತಿನ ಜೊತೆಗೆ, ಒರೆಸುವ ಸಾಮಾನನ್ನೂ ಸರಿಯಾಗಿ ಕೊಡಲಿಲ್ಲ. ಅಷ್ಟರಲ್ಲಿ ಯಾರೋ ಗುಂಡಿನೊಳಗಿನ ಮದ್ದನ್ನೇ ಬದಲಿಸಿದ್ದರು. ನಳಿಗೆಯ ಒಳಗೆ ಕ್ರೋಮ್ ಲೇಪ ಬೇಡವೆಂದು ದುಡ್ಡು ಉಳಿಸಿದ್ದರು. ಕಾಡಿನ ತೇವಕ್ಕೆ ತುಕ್ಕು, ಹೊಸ ಮದ್ದಿಗೆ ಮಸಿ, ಖಾಲಿ ತೋಟಾ ಒಳಗೇ ಕಚ್ಚಿಕೊಂಡು ಹುಡುಗರು ಸತ್ತರು. ಬದುಕಿದವರು ಮನೆಗೆ ಪತ್ರ ಬರೆದರು, ತಂದೆತಾಯಿ ತಮ್ಮ ಸಂಸದರಿಗೆ ಬರೆದರು, 1967ರಲ್ಲಿ ಅವರ ಸಂಸತ್ತಿನ ಇಕಾರ್ಡ್ ಉಪಸಮಿತಿ ಕೂತು ತಮ್ಮದೇ ಸೈನ್ಯದ ಆಡಳಿತವನ್ನು ಕಟುವಾಗಿ ತರಾಟೆಗೆ ತೆಗೆದುಕೊಂಡಿತು. ಬಂದೂಕು ಸುಧಾರಿಸಿತು. ಅದರ ಜೊತೆಗೆ ಸಿಪಾಯಿಗೆ ಒಂದು ಚಿತ್ರಕತೆಯ ಪುಸ್ತಕವನ್ನೂ ಅಚ್ಚು ಹಾಕಿ ಕೊಟ್ಟರು: ಬಂದೂಕನ್ನು ಹೇಗೆ ಪ್ರೀತಿಯಿಂದ ನೋಡಿಕೊಳ್ಳಬೇಕು ಎಂದು. ಕೊನೆಗೂ ಪಾಠ ಕಲಿಯಬೇಕಾದವನು ಅವನೇ.

ಇಂಗ್ಲೆಂಡಿನ ಎಸ್‌ಎ-80 ಇನ್ನೂ ರಸಿಕ. ಎದೆಗೆ ಆನಿಸಿಕೊಂಡು ಓಡಿದರೆ ಕ್ಯಾಚ್ ಒತ್ತಿ ಮ್ಯಾಗಜಿನ್ ತಾನೇ ಕೆಳಗೆ ಬೀಳುತ್ತಿತ್ತು. 1991ರ ಕೊಲ್ಲಿ ಯುದ್ಧದ ಮರಳಿನಲ್ಲಿ ಮರ್ಯಾದೆ ಹೋದ ಮೇಲೆ, ಸುಮಾರು ಹತ್ತು ವರ್ಷ ತಡೆದು, ಜರ್ಮನಿಯ ಹೆಕ್ಲರ್ ಅಂಡ್ ಕಾಕ್ ಕಂಪನಿಯಿಂದ ರಿಪೇರಿ ಮಾಡಿಸಿಕೊಂಡರು. ಅದೇ ಜರ್ಮನ್ ಕಂಪನಿ ತನ್ನ ದೇಶದ ಸೈನ್ಯಕ್ಕೆ ಕೊಟ್ಟ ಜಿ-36 ಕಾದರೆ ಗುರಿ ತಪ್ಪುತ್ತದೆಂದು 2015ರಲ್ಲಿ ಅವರ ರಕ್ಷಣಾ ಮಂತ್ರಿಯೇ ಅದಕ್ಕೆ ಭವಿಷ್ಯವಿಲ್ಲ ಎಂದು ಸಾರಿದರು. ಪ್ರಕರಣ ಕೋರ್ಟಿಗೆ ಹೋಯಿತು. ಕಂಪನಿ ಗೆದ್ದಿತು. ಕರಾರಿನಲ್ಲಿ ಕೇಳಿದ್ದನ್ನೆಲ್ಲ ಅವರು ಕೊಟ್ಟಿದ್ದಾರೆ ಎಂದಾಯಿತು. ಯುದ್ಧದಲ್ಲಿ ಬಂದೂಕು ಕಾಯುತ್ತದೆ ಎಂದು ಕರಾರು ಬರೆದವರಿಗೆ ಹೊಳೆದಿರಲಿಕ್ಕಿಲ್ಲ. ಫ್ಯಾನಿನ ಕೆಳಗೆ ಕೂತು ಬರೆದಿರಬೇಕು.

ಹಾಗಂತ ಸಿಪಾಯಿಯ ಅಭಿಪ್ರಾಯಕ್ಕೆ ಸರ್ಕಾರ ಎಂದೂ ಬೆಲೆ ಕೊಟ್ಟಿಲ್ಲ ಅನ್ನಲಾಗದು. 1857ರಲ್ಲಿ ಎನ್‌ಫೀಲ್ಡ್ ಬಂದೂಕಿನ ಕೊಬ್ಬು ಸವರಿದ ತೋಟಾವನ್ನು ಹಲ್ಲಿನಿಂದ ಕಚ್ಚಿ ಹರಿಯಲಾರೆವು ಎಂದು ಸಿಪಾಯಿಗಳು ತಮ್ಮ ಅಭಿಪ್ರಾಯ ಸಲ್ಲಿಸಿದರು. ಈಸ್ಟ್ ಇಂಡಿಯಾ ಕಂಪನಿಯವರು ಮೊದಲಿಗೆ ತೋಟಾ ಸರಿಯಿದೆ, ನಿಮ್ಮ ತಲೆ ಕೆಟ್ಟಿದೆ ಎಂದರು. ಆಮೇಲೆ, ಆಯಿತಪ್ಪಾ, ಕೈಯಿಂದಲೇ ಹರಿಯಿರಿ, ನೀವೇ ತುಪ್ಪ ಎಣ್ಣೆ ಸವರಿಕೊಳ್ಳಿ ಎಂದು ಕ್ರಮವನ್ನೂ ಬದಲಿಸಿದರು. ಆದರೂ ಸಿಪಾಯಿಗಳು ಬಂದೂಕಿನ ಬಾಯಿಯನ್ನೇ ಬೇರೆ ಕಡೆ ತಿರುಗಿಸಿದರು. ಗುಣಮಟ್ಟದ ಬಗ್ಗೆ ಕೆಳಗಿನಿಂದ ಬಂದ ದೂರನ್ನು ಮೇಲಿನವರು ಅಷ್ಟು ಗಂಭೀರವಾಗಿ ಓದಿದ ಉದಾಹರಣೆ ಆಮೇಲೆ ಸಿಗುವುದಿಲ್ಲ.

ಅದೇ ವರ್ಷ ನಮ್ಮ ಕಡೆ ಇನ್ನೊಂದು ನಡೆಯಿತು. ಕೊಲ್ಹಾರದ ಸೇತುವೆ ಮೇಲೆ ಕೃಷ್ಣೆ ದಾಟಿ, ಬೀಳಗಿ ಹಾದು, ಮುಧೋಳದ ಕಡೆ ಹೋದರೆ ಹಲಗಲಿ ಸಿಗುತ್ತದೆ. ಹತಾರ ಒಪ್ಪಿಸಿ ಎಂದು ಕಂಪನಿ ಸರ್ಕಾರ ಹುಕುಂ ಹೊರಡಿಸಿದಾಗ ಹಲಗಲಿಯ ಬೇಡರು ಒಲ್ಲೆವೆಂದರು. 1857ರ ನವೆಂಬರಿನಲ್ಲಿ ಫೌಜು ಬಂತು, ಊರು ಸುಟ್ಟರು, ಹಲವರನ್ನು ಗಲ್ಲಿಗೆ ಹಾಕಿದರು. ಅವರ ಲಾವಣಿ ನಮ್ಮ ಪಠ್ಯಪುಸ್ತಕದಲ್ಲಿ ಬಂದು ನಾವೆಲ್ಲ ಹತ್ತು ಅಂಕಕ್ಕೆ ಬರೆದಿದ್ದೇವೆ. ಆ ಬೇಡರ ಹತಾರ ಅವರೇ ಆರಿಸಿದ್ದು, ಅವರೇ ಮಸೆದದ್ದು, ಬೇಟೆಯಲ್ಲಿ ದಿನಾ ಪರೀಕ್ಷೆ ಆದದ್ದು. ಕಸಿದುಕೊಳ್ಳಲು ಬಂದರೆ ಪ್ರಾಣ ಕೊಟ್ಟರು. ಇನ್ಸಾಸನ್ನು ಕಸಿದುಕೊಳ್ಳಲು ಯಾರಾದರೂ ಬಂದಿದ್ದರೆ ಕಾಕಾನ ಪಲ್ಟನ್ನು ಎರಡು ಮ್ಯಾಗಜಿನ್ ಉಚಿತವಾಗಿ ಸೇರಿಸಿ ಕೊಡುತ್ತಿತ್ತು.

ಇನ್ನೂ ಹಿಂದೆ ಹೋಗಬೇಕೆಂದರೆ ವಿಜಯಪುರದ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಮಲಗಿದೆ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ಐವತ್ತೈದು ಟನ್ನಿನ ಕಂಚು, ಬಾಯಿಯಲ್ಲಿ ಆನೆ ನುಂಗುವ ಸಿಂಹ. 1565ರ ತಾಳಿಕೋಟಿ ಕದನದಲ್ಲಿ ತಾಮ್ರದ ದುಡ್ಡು ತುಂಬಿ ಇದನ್ನು ಹಾರಿಸಿದರು ಎಂದು ಹೇಳುತ್ತಾರೆ. ಬತ್ತಿ ಹಚ್ಚಿದ ತೋಪಿನವನು ಸದ್ದಿಗೆ ಕಿವಿ ಹೋಗದಿರಲಿ ಎಂದು ಪಕ್ಕದ ನೀರಿನ ಹೌದಿಗೆ ಹಾರಿ ಮುಳುಗಿ ಕೂರುತ್ತಿದ್ದ ಎಂದು ಗೈಡುಗಳು ಹೌದು ತೋರಿಸಿಯೇ ಹೇಳುತ್ತಾರೆ. ನಿಜವೋ ಸುಳ್ಳೋ, ಆಯುಧ ಮತ್ತು ಅದನ್ನು ಬಳಸುವವನ ಸಂಬಂಧ ಕುರಿತು ಇದಕ್ಕಿಂತ ಒಳ್ಳೆಯ ವರದಿ ನಾನು ಓದಿಲ್ಲ. ಹಾರಿಸು, ತಕ್ಷಣ ನೀನೂ ಹಾರು. 1854ರಲ್ಲಿ ಇಂಗ್ಲಿಷರು ಈ ತೋಪನ್ನು ಹರಾಜಿಗಿಟ್ಟರು. ಕೂಗಿದ ಬೆಲೆ 150 ರೂಪಾಯಿ. ಕೊನೆಗೆ ಮಾರಲಿಲ್ಲ, ಅಲ್ಲೇ ಬಿಟ್ಟರು. ಇಡೀ ಚರಿತ್ರೆಯಲ್ಲಿ ರಕ್ಷಣಾ ಸಾಮಗ್ರಿಗೆ ಯಾವ ಮಧ್ಯಸ್ಥಿಕೆಯೂ ಇಲ್ಲದೆ ಪ್ರಾಮಾಣಿಕ ಬೆಲೆ ಕಟ್ಟಿದ್ದು ಅದೊಂದೇ ಸಲ ಇರಬೇಕು.

ನಾವು ಹೀಗೆ ತೋಪು ತುಬಾಕಿ ಹಾರಿಸುತ್ತಿರುವಾಗ ಹೆದ್ದಾರಿಯ ಕಡೆಯಿಂದ ಒಬ್ಬ ಹುಡುಗ ಓಡುತ್ತಾ ಬಂದು ನಿಂತ. ಬೆವರಿಗೆ ಬನಿಯನ್ನು ಮೈಗೆ ಅಂಟಿತ್ತು. ಅಗ್ನಿವೀರ ಭರ್ತಿಗೆ ತಯಾರಿ. ದಿನಾ ಬೆಳಿಗ್ಗೆ ಸೇತುವೆ ತನಕ ಓಟ. ಸಾವಿರದ ಆರುನೂರು ಮೀಟರು ಐದೂವರೆ ನಿಮಿಷದೊಳಗೆ ಮುಗಿದರೆ ಪೂರ್ತಿ ಅಂಕ. ನಾಲ್ಕು ವರ್ಷದ ನೌಕರಿ, ನಾಲ್ವರಲ್ಲಿ ಒಬ್ಬ ಉಳಿಯುತ್ತಾನೆ.

"ಕಾಕಾ, ನಮಗ ಯಾವ ರೈಫಲ್ ಕೊಡ್ತಾರ್ರಿ? ಎಕೆ-203 ಅಂತಾರಲ್ಲ?"

ಕಾಕಾ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಯಾವ್ದ ಕೊಡ್ಲಿ, ಕೊಟ್ಟ ದಿನಾನ ಒಂದು ತಾಸು ಒಬ್ಬನ ಕುಂತು ಬಿಚ್ಚು, ಜೋಡ್ಸು. ಅದರ ಸಿಟ್ಟು ಎಲ್ಲೈತಿ ನೋಡ್ಕೋ. ಅವ್ವಗ ಹೇಳಿ ಹಳೀ ಧೋತರ ಹರಸ್ಕೊಂಡು ಚಿಂದಿ ಕಟ್ಕೊಂಡು ಹೋಗು. ಅಲ್ಲಿ ಕೊಡೂ ಚಿಂದಿ ಸಾಲೂದಿಲ್ಲ."

"ಚಿಂದಿ ಅಂದ್ರ ಏನ್ರಿ?"

"ಹೋಗು, ಓಡು. ತಿಳೀತೈತಿ."

ಹುಡುಗ ಓಡಿದ. ಕಾಕಾ ನಾಲ್ಕನೆಯ ಗಡಿಗೆ ಎತ್ತಿದರು. ಮಾತಿನ ಭರದಲ್ಲಿ ಕೆನೆ ನೋಡುವುದು ಮರೆತು ನೇರವಾಗಿ ವಾರೆ ಮಾಡಿಬಿಟ್ಟರು. ಆವತ್ತಿನ ಹಾಲು ಏನಾಗಿತ್ತೋ, ಮೊಸರು ಒಂದು ಕಡೆಯಿಂದ ಬಿಟ್ಟುಕೊಂಡು, ಕೆನೆಯೊಡೆದು, ನೀರು ಅವರ ಇಸ್ತ್ರಿ ಮಾಡಿದ ಅಂಗಿಯ ತೋಳಿನುದ್ದಕ್ಕೂ ಮೊಣಕೈ ತನಕ ಹರಿಯಿತು. ಕಾಕಾನ ಹೆಬ್ಬೆರಳು ತಾನಾಗಿ ಇಲ್ಲದ ಕ್ಯಾಚ್ ಹುಡುಕಿತು.

ನಮ್ಮ ಮಾತನ್ನೆಲ್ಲ ಬೆಳಗಿನಿಂದ ಕಿವಿಗೊಟ್ಟು ಕೇಳುತ್ತಿದ್ದ ಮೊಸರಿನ ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

"ಮೊಸರು ಸರಿ ಐತ್ರಿ ಸುಭೇದಾರ್ರ," ಎಂದಳು. "ನೀವು ಹಿಡಿಯೂ ಕ್ರಮಾನ ತಪ್ಪೈತಿ. ಬೇಕಂದ್ರ ತರಬೇತಿ ಕೊಡ್ತೀನಿ ಕುಂಡ್ರ್ರಿ."